ಎಡಕ್ಕೆ ತಿರುಗದ ಹುಡುಗ

ಡ್ಯಾಂಡಿನಾಂಗ್, ಮೆಲ್ಬರ್ನ್
೨೭ ಮಾರ್ಚ್ ೧೯೯೭, ಗುರುವಾರ

ಪ್ರೀತಿಯ ಚಂದ್ರು,

ಕೊಟ್ಟ ಮಾತುಗಳು ನಾಲ್ಕು. ಒಂದು, ಮದುವೆಗೆ ಪುರೋಹಿತ ಬೇಡ, ತಾಳಿ ಬೇಡ, ಗೆಳೆಯರ ಎದುರು ನಾವೇ ಬರೆದು ಓದಿದ ಕಾಗದ ಸಾಕು. ಎರಡು, ನಾನು ನಿನ್ನನ್ನು ‘ರೀ’ ಅನ್ನುವುದಿಲ್ಲ, ನೀನು ನನ್ನನ್ನು ‘ಲೇ’ ಅನ್ನುವುದಿಲ್ಲ. ಮೂರು, ಯಾವ ದೇಶಕ್ಕೆ ಹೋದರೂ, ನೀವು ಯಾರು ಎಂದು ಕೇಳಿದವರಿಗೆ ನಾವು ಯಾರೋ ಅದನ್ನೇ ಹೇಳುವುದು. ನಾಲ್ಕು, ನಾವು ಎಲ್ಲಿ ಉಂಡರೂ ನನ್ನ ಅಮ್ಮ ನಮ್ಮ ಪಕ್ಕದಲ್ಲೇ ಕೂತು ಉಣ್ಣುವುದು.

ಮೊದಲ ಎರಡು ನಡೆದವು. ಮೂರನೆಯದನ್ನು ನೀನು ೧೯೯೨ರ ಯುಗಾದಿಯ ಭಾನುವಾರ ಸಿಡ್ನಿಯ ಎಪಿಂಗ್‌ನಲ್ಲಿ, ಡಾಕ್ಟರ್ ಗುರುದತ್ತರ ಮನೆಯ ಹಿತ್ತಲಲ್ಲಿ, ಕೈಯಲ್ಲಿ ಪೇಪರ್ ತಟ್ಟೆ ಹಿಡಿದುಕೊಂಡು ಮುರಿದೆ. ಅವರು ಪುಳಿಯೋಗರೆ ಬಡಿಸುತ್ತಾ, ನಗುನಗುತ್ತಾ, “ನಿಮ್ಮದು ಯಾವ ಕಡೆ ಚಂದ್ರಮೋಹನ್? ಅಂದ್ರೆ, ಯಾವ ಪೈಕಿ?” ಅಂದರು. ನೀನು ತಟ್ಟೆ ನೋಡಿಕೊಂಡು, “ಮಂಡ್ಯ ಕಡೆ ಸರ್, ಗೌಡ್ರು” ಅಂದೆ. ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ. ಹೊಲಗೇರಿಯಲ್ಲಿ ಹುಟ್ಟಿದ ಇಬ್ಬರು ಒಂದೇ ಉಸಿರಿನಲ್ಲಿ ಇಲ್ಲವಾದರು. ನಾಲ್ಕನೆಯದನ್ನು ಅದೇ ವರ್ಷದ ಮೇ ತಿಂಗಳಲ್ಲಿ, ಅಮ್ಮ ಕೋಲಾರದಿಂದ ಬಂದಾಗ. “ಅಮ್ಮ ಬಾಯಿ ಬಿಟ್ರೆ ಗೊತ್ತಾಗುತ್ತೆ ಭಾಗೀ, ಈ ಒಂದು ಸಲ ಬೇಡ” ಅಂದೆ. ಆ ಒಂದು ಸಲ ಮೂರು ಸಲ ಆಯಿತು. ಕನ್ನಡ ಕೂಟದ ಮೂರು ಊಟಕ್ಕೂ ಅಮ್ಮ ಮನೆಯಲ್ಲೇ ಉಳಿದಳು. ಅವಳನ್ನು ವಿಮಾನ ಹತ್ತಿಸಿದ ವಾರವೇ ನಾನು ಮೆಲ್ಬರ್ನಿನ ರೈಲು ಹತ್ತಿದೆ.

ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತಿದ್ದೇನೆ. ಗೊತ್ತಿದ್ದೂ ಆಡದೆ ಉಳಿಸಿಕೊಂಡ ಮಾತುಗಳಿಂದಲೇ ನಾವು ಒಂಬೈನೂರು ಕಿಲೋಮೀಟರ್ ದೂರವಾದದ್ದು. ಐದು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಅಮೆರಿಕದ ಹಾಕಿ ಹುಡುಗರ ಆಟವನ್ನು ಟೇಪಿನಲ್ಲಿ ನೋಡಿ ನಾವಿಬ್ಬರೂ ಬರೆಯುವ ವರದಿಗಳನ್ನು ಕಾಗದ ಎಂದುಕೊಳ್ಳಬೇಡ. ಆದರೆ ಅವು ಇರದಿದ್ದರೆ ನೀನು ಬದುಕಿದ್ದೀಯೋ ಇಲ್ಲವೋ ಎನ್ನುವುದೂ ನನಗೆ ತಿಳಿಯುತ್ತಿರಲಿಲ್ಲ, ಅದೂ ನಿಜ.

ಮನೆ ಬಿಟ್ಟ ದಿನ ನೀನು ತಡೆಯಲಿಲ್ಲ, ಬೈಯಲಿಲ್ಲ. ಬಾಗಿಲ ಹತ್ತಿರ ನಿಂತು ಒಂದೇ ಮಾತು ಆಡಿದೆ: “ವಿಸಿಆರ್ ತಗೊಂಡ್ಹೋಗು.” ನನಗೆ ಎಂಥ ಸಿಟ್ಟು ಬಂತು ಗೊತ್ತಾ? ಹೆಂಡತಿ ಹೋಗುತ್ತಿದ್ದಾಳೆ, ಈ ಮನುಷ್ಯ ವಿಸಿಆರ್ ಅನ್ನುತ್ತಾನಲ್ಲ! ಅಮೆರಿಕದ ಟೇಪು ಓಡುವ ಯಂತ್ರ ನಮ್ಮ ಮನೆಯಲ್ಲಿ ಅದೊಂದೇ ಇತ್ತು. ಇಲ್ಲಿನ ಮಾಮೂಲಿ ಯಂತ್ರಕ್ಕೆ ಹಾಕಿದರೆ ಬರೀ ಗೆರೆ. ಅದನ್ನು ನನಗೆ ಕೊಟ್ಟು ನೀನು ಯೂನಿವರ್ಸಿಟಿ ಲ್ಯಾಬಿನ ಮೂಲೆಯಲ್ಲಿ ಕೂತು ನೋಡಲು ಶುರು ಮಾಡಿದೆ. ಟೇಪು ಮೊದಲು ನಿನಗೆ, ಆಮೇಲೆ ನನಗೆ. ಹೋಗು ಅಂದದ್ದಲ್ಲ ಅದು, ಕೆಲಸ ಬಿಡಬೇಡ ಅಂದದ್ದು ಎಂದು ಅರ್ಥವಾಗುವ ಹೊತ್ತಿಗೆ ಒಂದು ಚಳಿಗಾಲ ಕಳೆದಿತ್ತು.

ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೆಷಿನ್ನಿನಲ್ಲಿ ತುಮಕೂರಿನ ಸುಜಾತಾ ಇದ್ದಾಳೆ. ಹೋದ ಭಾನುವಾರ ಮಧ್ಯಾಹ್ನ ಮನೆಗೆ ಬಂದಾಗ ನಾನು ಟೇಪು ಹಾಕಿಕೊಂಡು ಕೂತಿದ್ದೆ. ಏನಿದು ಅಂದಳು. ಅಮೆರಿಕದ ಕಾಲೇಜು ಹುಡುಗರು ಮಂಜುಗಡ್ಡೆಯ ಮೇಲೆ ಆಡುವ ಹಾಕಿ, ಇವರಲ್ಲಿ ಯಾರು ದೊಡ್ಡವರ ತಂಡಕ್ಕೆ ಆಗುತ್ತಾರೆ, ಯಾರು ಆಗುವುದಿಲ್ಲ ಅಂತ ನೋಡಿ ಬರೆಯಬೇಕು, ನಮ್ಮ ಯಜಮಾನರ ಹಳೆಯ ಸ್ನೇಹಿತ ಒಬ್ಬ ಅಲ್ಲಿನ ತಂಡಕ್ಕೆ ಹುಡುಗರನ್ನು ಆರಿಸುತ್ತಾನೆ ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. “ಇದೊಳ್ಳೆ ಹೆಣ್ಣು ನೋಡೋ ಶಾಸ್ತ್ರ ಆಯ್ತಲ್ಲೇ! ನಡೆಸಿ ನೋಡ್ತೀಯ, ಓಡಿಸಿ ನೋಡ್ತೀಯ. ಉಪ್ಪಿಟ್ಟು ಯಾರು ಕೊಡ್ತಾರೆ?” ಆಮೇಲೆ ತಾನೇ ಹೋಗಿ ಉಪ್ಪಿಟ್ಟು ಮಾಡಿಕೊಂಡು ಬಂದಳು. ಇಬ್ಬರೂ ತಿನ್ನುತ್ತಾ ನೋಡಿದೆವು. ಹೌದು, ನಿನ್ನನ್ನು ಯಜಮಾನರು ಅಂದೆ. ಅವಳಿಗೆ ಬೇರೆ ಪದ ಅರ್ಥವಾಗುವುದಿಲ್ಲ. ನೀನು ನಗಬಹುದು.

ನಿನ್ನ ಆ ಸ್ನೇಹಿತ ಹಾಲ್ವರ್ಸನ್ ಈ ಕೆಲಸಕ್ಕೆ ನಮ್ಮನ್ನೇ ಯಾಕೆ ಕೇಳಿದ ಎನ್ನುವುದು ನನಗೆ ಈಗಲೂ ಸೋಜಿಗ. ನೀನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುವಾಗ ನಮ್ಮ ಕೋಣೆಗಿಂತ ಕಾಲೇಜಿನ ಮಂಜುಗಡ್ಡೆಯ ಅಂಗಳ, ಆ ಐಸ್ ರಿಂಕೇ ಬೆಚ್ಚಗಿತ್ತು, ಅಲ್ಲಿ ಹೋಗಿ ಕೂರುತ್ತಿದ್ದೆವು. ನೀನು ಎಣಿಸುತ್ತಿದ್ದೆ, ನಾನು ನೋಡುತ್ತಿದ್ದೆ. ಗಣಿಯ ಕೆಲಸದವರ ಮೈದಾನದಲ್ಲಿ ಬರಿಗಾಲಲ್ಲಿ ಹಾಕಿ ಆಡಿ ಬೆಳೆದವಳಿಗೆ ಐಸಾದರೇನು, ಮಣ್ಣಾದರೇನು? ಆಟಗಾರನನ್ನು ಚೆಂಡಿಲ್ಲದಾಗ ನೋಡಬೇಕು. ಕೈಯಿಂದ ತಪ್ಪಿಹೋದ ಮೇಲಿನ ಎರಡು ಸೆಕೆಂಡು ಅವನು ಏನು ಮಾಡುತ್ತಾನೆ, ಅಷ್ಟೇ. ಕಾಲೇಜಿನ ಕೆಲವು ಅಂಗಳಗಳು ಅಗಲ, ದೊಡ್ಡವರದು ಕಿರಿದು, ಅಗಲದಲ್ಲಿ ಮಿಂಚಿದವನು ಇಕ್ಕಟ್ಟಿನಲ್ಲಿ ಉಸಿರಾಡಬಲ್ಲನೇ ಎಂದು ನೋಡಬೇಕು. ಇಕ್ಕಟ್ಟಿನ ವಿಷಯ ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ದೂರದಲ್ಲಿರುವವರು, ಹುಡುಗರ ಅಪ್ಪಂದಿರ ಜೊತೆ ಬಿಯರ್ ಕುಡಿಯದವರು ಸುಳ್ಳು ಹೇಳುವುದಿಲ್ಲ ಎಂದು ಹಾಲ್ವರ್ಸನ್ ನಂಬಿದ್ದಾನೆ. ಪಾಪ.

ಕೆಲಸದ ಕ್ರಮ ಮಾತ್ರ ನಮ್ಮದು. ಮೈಸೂರಿನ ಹಾಸ್ಟೆಲ್ಲಿನಲ್ಲಿ ಸಂಘಟನೆಯ ಕರಪತ್ರ ಬರೆಯುತ್ತಿದ್ದೆವಲ್ಲ, ಒಬ್ಬರದು ಒಬ್ಬರು ನೋಡದಂತೆ ಬರೆದು, ನೆಲದ ಮೇಲೆ ಜೋಡಿಸಿಟ್ಟು, ಇಬ್ಬರೂ ಒಪ್ಪದ ಒಂದು ಸಾಲೂ ಅಚ್ಚಿಗೆ ಹೋಗದಂತೆ. ಐಸ್ ಹಾಕಿಗೂ ಅದನ್ನೇ ತಂದೆವು. ಇಬ್ಬರ ಸಹಿ ಇಲ್ಲದೆ ವರದಿ ಹೋಗುವುದಿಲ್ಲ. ಜಗಳದ ಈ ಐದು ವರ್ಷವೂ ನಮ್ಮಿಬ್ಬರ ಸಹಿ ಒಂದರ ಕೆಳಗೊಂದು ಫ್ಯಾಕ್ಸಿನಲ್ಲಿ ಅಮೆರಿಕಕ್ಕೆ ಹೋಗುತ್ತಲೇ ಇತ್ತು. ನಮ್ಮ ಸಂಸಾರ ನಡೆದದ್ದು ಅಷ್ಟೇ ಜಾಗದಲ್ಲಿ.

ಈಗ ಹದಿನೇಳನೇ ನಂಬರಿನ ಹುಡುಗನ ವಿಷಯ.

ಈ ಬಾರಿ ಬಂದ ಮೂವರಲ್ಲಿ ಅವನಿಗೆ ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಅವನ ಕೋಚ್ ಬರೆದ ಕಾಗದವನ್ನು ಮೊದಲೇ ಓದಿದ್ದು ನನ್ನ ತಪ್ಪು. ‘ಸ್ವಭಾವ’ ಎನ್ನುವ ಕಾಲಂನಲ್ಲಿ ಆ ಮಹಾಶಯ ಹೀಗೆ ಬರೆದಿದ್ದಾನೆ: ಮುಂಗೋಪಿ, ಯಾರ ಜೊತೆಗೂ ಬೆರೆಯುವುದಿಲ್ಲ, ಬಟ್ಟೆ ಬದಲಿಸುವ ಕೋಣೆಗೂ ಎಲ್ಲರೂ ಹೋದ ಮೇಲೆ ಹೋಗುತ್ತಾನೆ, ಅಲ್ಲಿನ ಮೂಲನಿವಾಸಿಗಳ ಕಡೆಯವನು. ಆ ಕೊನೆಯ ಮಾತು ಸ್ವಭಾವದ ಕಾಲಂನಲ್ಲಿ ಯಾಕೆ ಬಂತು? ನನಗೆ ಮೈ ಉರಿಯಿತು. ಅರ್ಹತೆ ಎನ್ನುವ ಪದ ಹಿಡಿದುಕೊಂಡು ನಮ್ಮ ಮುಖದ ಮೇಲೆ ಬಾಗಿಲು ಹಾಕಿದವರೆಲ್ಲ ನೆನಪಾದರು. ಹಾಸ್ಟೆಲ್ಲಿನಲ್ಲಿ ನಮ್ಮ ತಟ್ಟೆ ಬೇರೆ ಇಟ್ಟವರು, ವೈವಾ ಪರೀಕ್ಷೆಯಲ್ಲಿ ಅಪ್ಪನ ಹೆಸರು ಕೇಳಿ ಅಂಕ ಕೊಟ್ಟವರು. ಅದೇ ಕಣ್ಣಿನಲ್ಲಿ ಟೇಪು ನೋಡಿದೆ.

ಕಾಲೇಜು ಹುಡುಗರ ಮುಖಕ್ಕೆ ಕಂಬಿಯ ಬಲೆ ಇರುತ್ತದೆ. ಮುಖ ಕಾಣದಿದ್ದರೂ ನಾನು ಅವನ ಮುಖ ಕಂಡುಬಿಟ್ಟೆ. ಗೋಲಿನ ಹಿಂದೆ ಎಲ್ಲರೂ ಎಡಕ್ಕೆ ಎರಡು ಹೆಜ್ಜೆ ಹಾಕಿ ಹೊರಬರುವ ಕಡೆ ಇವನೊಬ್ಬ ಬಲಕ್ಕೆ ಪೂರ್ತಿ ಸುತ್ತು ಹೊಡೆದು ಬರುತ್ತಾನೆ. ಸುಜಾತಾ ಕೂಡ, “ಇವ್ನ್ಯಾಕೆ ಪ್ರದಕ್ಷಿಣೆ ಹಾಕ್ತಾನೆ?” ಅಂದಳು. ನಾನು ಅವಳನ್ನು ಸುಮ್ಮನಿರಿಸಿ ಬರೆದೆ: ‘ಎಲ್ಲರೂ ತುಳಿದ ದಾರಿಯನ್ನು ಧಿಕ್ಕರಿಸುವವನು. ಇಂಥವರೇ ಬೇಕು. ಸ್ವಭಾವದ ಕಾಲಂ ಕಿತ್ತು ಬಿಸಾಡಿ.’ ಎರಡು ಪುಟ ಬರೆದೆ ಚಂದ್ರು. ವರದಿಯಲ್ಲ, ಕರಪತ್ರ. ಕೆಳಗೆ ‘ಹೋರಾಟಕ್ಕೆ ಜಯವಾಗಲಿ’ ಒಂದು ಬರೆಯುವುದು ಬಾಕಿ ಇತ್ತು.

ಮಂಗಳವಾರ ನಿನ್ನ ಹಾಳೆ ಬಂತು. ಎರಡನ್ನೂ ನೆಲದ ಮೇಲೆ ಜೋಡಿಸಿದೆ. ನಿನ್ನ ಹಾಳೆಯಲ್ಲಿ ಬರೀ ಅಂಕಿ. ನಾಲ್ಕು ಆಟ. ಬಲಕ್ಕೆ ತಿರುಗಿದ್ದು ನೂರಾ ನಲವತ್ತೆರಡು ಸಲ, ಎಡಕ್ಕೆ ಒಂಬತ್ತು ಸಲ. ಆ ಒಂಬತ್ತೂ ಮೊದಲನೇ ಆಟದಲ್ಲಿ. ನೀನು ಅವನಿಗೆ ಐದು ಕೊಟ್ಟಿದ್ದೆ. ನಾನು ಎದ್ದು ನಿಂತು ನಿನ್ನನ್ನು ಬೈದೆ, ಜೋರಾಗಿಯೇ. ಹೆದರುಪುಕ್ಕ, ಇಲ್ಲೂ ಅವರ ಪರವೇ ಆದೆಯಾ ಅಂದೆ. ಆಮೇಲೆ ಹಾಳೆ ತಿರುಗಿಸಿದೆ.

ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಲ್ಲದೆ ಕನ್ನಡದಲ್ಲಿ, ನಿನ್ನ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದರೆ ನೋಡದೆ ಇಲ್ಲಿ ಬರೆಯಬಲ್ಲೆ: “ಭಾಗೀ, ಅವನು ಮುಂಗೋಪಿ ಅಲ್ಲ, ಬಂಡಾಯಗಾರನೂ ಅಲ್ಲ. ಅವನ ಎಡ ಮಂಡಿ ಹೋಗಿದೆ. ಊತ ಯಾರಿಗೂ ಕಾಣಬಾರದು ಅಂತ ಎಲ್ಲರೂ ಹೋದ ಮೇಲೆ ಬಟ್ಟೆ ಬದಲಿಸ್ತಾನೆ. ಇದು ಅಂಕಿಯಿಂದ ಗೊತ್ತಾಗಿದ್ದಲ್ಲ, ಅಂಕಿ ಆಮೇಲೆ ಎಣಿಸಿದ್ದು. ಮುಚ್ಚಿಟ್ಟುಕೊಂಡಿರೋನು ಹೇಗೆ ತಿರುಗ್ತಾನೆ ಅಂತ ನನಗೆ ಗೊತ್ತು. ಗಟ್ಟಿ ಇರೋ ಬದಿ ಮಾತ್ರ ಜನರ ಕಡೆ ಇಟ್ಕೊಂಡು, ಎರಡು ಹೆಜ್ಜೆ ದಾರಿಗೆ ಊರೆಲ್ಲ ಸುತ್ತಿಕೊಂಡು ಬರ್ತಾನೆ. ಐದು ವರ್ಷದಿಂದ ನಾನು ಹಾಗೇ ನಡೀತಾ ಇದ್ದೀನಿ. ಸುಸ್ತಾಗಿದೆ. ಮಂಡಿ ವಿಷಯ ಮುಂಬದಿಯಲ್ಲಿ ಬರೆದಿಲ್ಲ, ನೀನು ಹೇಗೆ ಹೇಳ್ತೀಯೋ ಹಾಗೆ ಮಾಡೋಣ. ವಾಪಸ್ ಬರ್ತೀಯಾ?”

ಮತ್ತೆ ಟೇಪು ಹಾಕಿದೆ. ಈ ಸಲ ಅವನ ಎಡಗಾಲನ್ನು ಮಾತ್ರ ನೋಡಿದೆ. ನಿಂತಾಗೆಲ್ಲ ಭಾರವನ್ನು ಬಲಕ್ಕೆ ಹಾಕಿ, ಎಡಗಾಲನ್ನು ಐಸಿಗೆ ಸುಮ್ಮನೆ ಮುಟ್ಟಿಸಿರುತ್ತಾನೆ, ಮಲಗಿದ ಮಗುವಿನ ಮೇಲೆ ಕೈ ಇಟ್ಟ ಹಾಗೆ. ನಾಲ್ಕನೇ ಆಟದ ಕೊನೆಯಲ್ಲಿ ಗೆದ್ದ ಖುಷಿಗೆ ಗೆಳೆಯನೊಬ್ಬ ಎಡದಿಂದ ಬಂದು ಅಪ್ಪಿಕೊಂಡಾಗ ಇವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಅದನ್ನು ಮೊದಲೂ ಕಂಡಿದ್ದೆ. ‘ಸ್ವಾಭಿಮಾನ’ ಅಂತ ಬರೆದುಕೊಂಡಿದ್ದೆ. ನಾಚಿಕೆಯಾಯಿತು. ಅನ್ಯಾಯ ಹುಡುಕುವ ಕಣ್ಣಿಗೆ ನೋವು ಕಾಣಲಿಲ್ಲ. ಆ ಕೋಚ್ ಅವನನ್ನು ನೋಡಲಿಲ್ಲ, ನಾನೂ ನೋಡಲಿಲ್ಲ. ಅವನು ಬಯ್ಯುವುದಕ್ಕೆ ಬಳಸಿಕೊಂಡ, ನಾನು ಹೊಗಳುವುದಕ್ಕೆ ಬಳಸಿಕೊಂಡೆ. ನೋಡಿದವನು ನೀನೊಬ್ಬ.

ಇನ್ನೊಂದು ಮಾತು. ಅಮ್ಮ ತೀರಿಕೊಳ್ಳುವ ಮುಂಚಿನ ವರ್ಷ ನಾನು ಊರಿಗೆ ಹೋದಾಗ ಹೇಳಿದ್ದು, ನನಗೆ ಗೊತ್ತಿಲ್ಲ ಅಂತ ನೀನು ಅಂದುಕೊಂಡಿದ್ದೀಯ. ಅವಳು ಸಿಡ್ನಿಯಲ್ಲಿದ್ದ ಆ ಮೂರು ತಿಂಗಳು, ನಾನು ಟ್ಯೂಷನ್ ಹೇಳಲು ಹೋಗುತ್ತಿದ್ದ ಬುಧವಾರಗಳಂದು ನೀನು ಅವಳನ್ನು ಐಸ್ ರಿಂಕಿಗೆ ಕರೆದುಕೊಂಡು ಹೋಗುತ್ತಿದ್ದೆಯಂತೆ. ಮೇಲೆ ನಿನ್ನ ಕೋಟು ಹೊದಿಸಿ, ಬಿಸಿ ಚಿಪ್ಸ್ ಕೊಡಿಸಿ, ಆಟ ವಿವರಿಸುತ್ತಿದ್ದೆಯಂತೆ. ಮಕ್ಕಳ ಮುಖದ ಬಲೆ ನೋಡಿ ಅವಳು, “ಎತ್ತಿಗೆ ಕುಕ್ಕೆ ಕಟ್ಟಿದಂಗೆ ಕಟ್ಟವ್ರಲ್ಲ ಅಳಿಯಂದ್ರೇ, ಕಚ್ತಾವಾ ಈ ಮಕ್ಳು?” ಅಂದಾಗ ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆಯಂತೆ. ಅಲ್ಲಿ ಯಾರೂ ಯಾವ ಪೈಕಿ ಅಂತ ಕೇಳುತ್ತಿರಲಿಲ್ಲ, ಅದಕ್ಕೇ ನೀನು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹಾಗಾದರೆ ಆ ಊಟಗಳಿಗೆ ಯಾಕೆ ಬಿಟ್ಟುಹೋದ ಅಂತ ನಾನು ಅಮ್ಮನ ಮೇಲೆ ರೇಗಿದೆ. ಅವಳಿಗೆ ಎಲ್ಲ ಗೊತ್ತಿತ್ತು. “ಅಳಿಯಂದ್ರಿಗೆ ಭಯ ಕಣವ್ವ. ನನ್ ಮೇಲೆ ಬೇಜಾರಿಲ್ಲ. ಭಯ ಇರೋರ್ನ ಒಬ್ರನ್ನೇ ಬಿಟ್ಬುಟ್ರೆ ಇನ್ನೂ ಭಯ ಆಗಲ್ವಾ?” ಅಂದಳು. ಮೂರು ವರ್ಷ ಆ ಮಾತನ್ನು ನಿನಗೆ ತಲುಪಿಸಲಿಲ್ಲ. ಅದು ನನ್ನ ಕೆಟ್ಟತನ, ಒಪ್ಪಿಕೊಳ್ಳುತ್ತೇನೆ.

ವರದಿಗೆ ಸಹಿ ಹಾಕಿಲ್ಲ. ಹಾಕುವುದಕ್ಕೆ ಮುಂಚೆ ನೀನು ಒಂದು ಕೆಲಸ ಮಾಡಬೇಕು.

ಮಂಡಿ ಹೋಗಿದೆ ಅಂತ ನಾವು ಬರೆದರೆ ಅವನ ಫೈಲಿನ ಮೇಲೆ ಆ ಒಂದು ಪದ ಬಿಟ್ಟು ಮತ್ತೇನನ್ನೂ ಯಾರೂ ಓದುವುದಿಲ್ಲ. ಬರೆಯದಿದ್ದರೆ ಅವನನ್ನು ತೆಗೆದುಕೊಂಡು ಹೋಗಿ ದೊಡ್ಡವರ ಮಧ್ಯೆ ಬಿಡುತ್ತಾರೆ, ಮೂರು ವಾರದಲ್ಲಿ ಆ ಕಾಲು ಪೂರ್ತಿ ಮುರಿಯುತ್ತದೆ. ಎರಡೂ ನನ್ನಿಂದಾಗದು. ಹಾಲ್ವರ್ಸನ್ ಮುಂದಿನ ವಾರ ಆ ಮೂವರನ್ನೂ ಖುದ್ದಾಗಿ ನೋಡಲು ಹೋಗುತ್ತಾನಲ್ಲ, ಅವನಿಗೆ ಫೋನ್ ಮಾಡು. ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು, ಕೋಚ್ ಇಲ್ಲದಾಗ, ಕಾಲು ಹೇಗಿದೆ ಅಂತ ಕೇಳಲಿ. ಬೆದರಿಸಬಾರದು. ಹೇಳಿದರೆ ಆಪರೇಷನ್ ಮಾಡಿಸಿ ಮುಂದಿನ ವರ್ಷದವರೆಗೆ ಕಾಯುತ್ತೇವೆ ಎನ್ನುವ ಮಾತನ್ನು ಮೊದಲು ಕೊಟ್ಟು ಆಮೇಲೆ ಕೇಳಲಿ. ಎರಡು ದಿನ ಬಿಡಲಿ. ಆಗಲೂ ಅವನು ಹೇಳದಿದ್ದರೆ ನಾವು ಬರೆಯೋಣ, ನಾನೇ ಬರೆಯುತ್ತೇನೆ. ಡಾಕ್ಟರು ಹಿಡಿದು ಬಯಲು ಮಾಡುವುದು ಬೇರೆ, ಮನುಷ್ಯ ತನ್ನ ಬಾಯಿಂದ ಹೇಳುವುದು ಬೇರೆ. ಮೊದಲನೆಯದರಲ್ಲಿ ಅವನು ಕಳ್ಳನಾಗುತ್ತಾನೆ. ಎರಡನೆಯದರಲ್ಲಿ ಅವನಿಗೆ ನಾಲ್ಕು ಜನ ಸಿಗುತ್ತಾರೆ.

ನನ್ನ ಹಾಳೆಯನ್ನು ಹರಿದು ಹೊಸದು ಬರೆದಿದ್ದೇನೆ. ಓಟಕ್ಕೆ ಆರು, ಇವತ್ತಿನ ಮಟ್ಟಿಗೆ. ಆಟ ಓದುವ ಕಣ್ಣಿಗೆ ಒಂಬತ್ತು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಒಂದೇ ಕಾಲಲ್ಲಿ ಇಷ್ಟು ಆಡುವವನು ಎರಡು ಕಾಲಲ್ಲಿ ಏನು ಮಾಡಿಯಾನು! ಸ್ವಭಾವದ ಕಾಲಂನಲ್ಲಿ ‘ಗೊತ್ತಿಲ್ಲ’ ಎಂದು ಬರೆದಿದ್ದೇನೆ. ನಾಳೆ ಗುಡ್ ಫ್ರೈಡೇ, ಪೋಸ್ಟ್ ಆಫೀಸ್ ಮುಚ್ಚಿರುತ್ತದೆ. ಇವತ್ತೇ ಎಕ್ಸ್‌ಪ್ರೆಸ್ ಪೋಸ್ಟಿಗೆ ಹಾಕಿದರೆ ಮಂಗಳವಾರ ನಿನ್ನ ಕೈ ಸೇರುತ್ತದೆ. ಹಾಲ್ವರ್ಸನ್ ಒಪ್ಪಿದ ಅಂತ ನೀನು ತಿಳಿಸಿದ ದಿನ ಸಹಿ ಹಾಕಿ ಕಳಿಸುತ್ತೇನೆ.

ಇನ್ನು ನೀನು ಕೇಳಿದ್ದು. ಆ ಹುಡುಗನಿಗೆ ಒಂದು ನ್ಯಾಯ, ನಿನಗೆ ಒಂದು ನ್ಯಾಯ ನಾನು ಮಾಡಲಾರೆ. ಐದು ವರ್ಷದಲ್ಲಿ ಈ ಮೆಲ್ಬರ್ನಿನ ಒಂದು ನರಪಿಳ್ಳೆಗೂ ನೀನು ಎಪಿಂಗ್‌ನಲ್ಲಿ ಆಡಿದ ಮಾತನ್ನು ನಾನು ಹೇಳಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಹೇಳಬಹುದಿತ್ತು. ಡಾಕ್ಟರ್ ಗುರುದತ್ತರಿಗೆ ಒಂದು ಫೋನ್ ಸಾಕಿತ್ತು. ನಂಬರ್ ಒತ್ತಿ ಇಟ್ಟದ್ದೂ ಉಂಟು. ಆದರೆ ಅದು ನಿನ್ನ ಬಾಯಿಂದ ಬರಬೇಕಾದ ಮಾತು, ನನ್ನದಲ್ಲ.

ಸಿಡ್ನಿಯ ಕೂಟದ ಯುಗಾದಿ ಊಟ ಮುಂದಿನ ತಿಂಗಳು. ನಾನು ಬರುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ಊಟಕ್ಕೆ ಬರುತ್ತೇನೆ. ಭಾಷಣ ಬೇಡ, ಕ್ಷಮೆ ಬೇಡ, ಮೈಕಿನ ಹತ್ತಿರ ಸುಳಿಯಲೂ ಬೇಡ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಗುರುದತ್ತರಿಗೆ ಒಂದೇ ವಾಕ್ಯ ಹೇಳು. ಅವರ ಮುಖ ಕೆಂಪಗಾಗಬಹುದು. ಇಲ್ಲ, “ಅದಕ್ಕೇನಂತೆ, ಒಬ್ಬಟ್ಟು ಹಾಕಿಸ್ಕೊಳ್ಳಿ” ಅಂದುಬಿಡಬಹುದು. ಆಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ, ಇಷ್ಟಕ್ಕೆ ನಾವು ಐದು ವರ್ಷ ಹಾಳು ಮಾಡಿಕೊಂಡೆವಾ ಅಂತ. ಏನೇ ಆಗಲಿ, ನೀನು ಆ ವಾಕ್ಯ ಹೇಳುವಾಗ ನಾನು ದೂರ ನಿಂತು ನೋಡುವುದಿಲ್ಲ. ನಿನ್ನ ಎಡಗಡೆ ನಿಂತಿರುತ್ತೇನೆ. ಅದಾದ ಮೇಲೆ ವಾಪಸ್ ಬರುವ ಮಾತು ಕೇಳು. ನನಗೆ ಬೇಡ ಅನ್ನುವ ಮನಸ್ಸಿಲ್ಲ, ಇದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಟ್ಯಾಬ್ಲೆಟ್ ಸರಿಯಾಗಿ ನುಂಗು. ನಿನ್ನ ಅಕ್ಷರ ಈಚೆಗೆ ನಡುಗುತ್ತಿದೆ.

ನಿನ್ನ,
ಭಾಗೀರಥಿ

ತಾ.ಕ.: ಈ ಕಾಗದಕ್ಕೆ ಹೆಸರು ಬರೆದು ಲಕೋಟೆ ಅಂಟಿಸಲು ಹೋದೆ, ಅಂಟಿಸಲಾಗಲಿಲ್ಲ. ಮೆಲ್ಬರ್ನಿನಲ್ಲಿ ಯಾರಿಗೂ ಹೇಳಿಲ್ಲ ಅಂತ ಮೇಲೆ ಹೆಮ್ಮೆಯಿಂದ ಬರೆದಿದ್ದೇನಲ್ಲ, ಅದು ಅರ್ಧ ಸತ್ಯ. ಹೋದ ವರ್ಷ ಸುಜಾತಾ ತನ್ನ ಡಬ್ಬಿಯಿಂದ ನನ್ನ ತಟ್ಟೆಗೆ ಮೊಸರನ್ನ ಹಾಕುತ್ತಾ, ನಿಮ್ಮ ಯಜಮಾನರು ಯಾವ ಪೈಕಿ ಅಂದಳು. ಅವಳ ಚಮಚ ಗಾಳಿಯಲ್ಲಿತ್ತು. ನಾನು, ಸಂಘಟನೆಯ ಭಾಗೀರಥಿ, “ಮಂಡ್ಯ ಕಡೆ, ಗೌಡ್ರು” ಅಂದೆ. ನಿನ್ನದೇ ಮಾತು, ಅಕ್ಷರ ಬದಲಿಸದೆ. ಅವತ್ತು ಆ ಮೊಸರನ್ನ ತಿಂದೆ. ಆಮೇಲೂ ತಿನ್ನುತ್ತಲೇ ಇದ್ದೇನೆ. ರಜೆ ಮುಗಿದ ಮೇಲೆ, ಮಂಗಳವಾರ ಊಟದ ಬಿಡುವಿನಲ್ಲಿ, ಡಬ್ಬಿ ತೆಗೆಯುವ ಮುಂಚೆ ಅವಳಿಗೆ ಹೇಳುತ್ತೇನೆ. ಅವಳು ಏನಂದಳು ಎನ್ನುವುದನ್ನು ನಿನ್ನೆದುರೇ ಹೇಳಬೇಕು, ಕಾಗದದಲ್ಲಿ ಬರೆಯುವುದಿಲ್ಲ. ಕೂಟದ ಊಟ ನಡೆಯುವ ಹಾಲ್‌ನ ಮುಂಬಾಗಿಲ ಹತ್ತಿರ, ಏಪ್ರಿಲ್ ಹದಿಮೂರು, ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ.